ವೈರಾಣುವೇ ಮದ್ದಾಗುವ ಬಗೆ: ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲೊಂದು ಹೊಸ ಜೋಡಿಮಾರ್ಗ

ವೈರಾಣು ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನದಲ್ಲಿ ಮೊದಲು ಮೂಡುವುದು ಭಯ. ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಿದ ಬೀದಿಗಳನ್ನೂ ಆಸ್ಪತ್ರೆಗಳ ಮುಂದೆ ಕಾದು ನಿಂತ ಜನರನ್ನೂ ನಾವಾರೂ ಇನ್ನೂ ಮರೆತಿಲ್ಲ. ಕ್ಯಾನ್ಸರ್ ಎಂಬ ಮಾತಿಗೂ ಅಂತಹದೇ ಭಯ ಅಂಟಿಕೊಂಡಿದೆ; ಎಷ್ಟೋ ಮನೆಗಳಲ್ಲಿ ಆ ಹೆಸರನ್ನು ಗಟ್ಟಿಯಾಗಿ ಉಚ್ಚರಿಸುವುದಕ್ಕೂ ಹಿಂಜರಿಯುತ್ತಾರೆ. ಆದರೆ ಈ ಎರಡು ಭಯಗಳಲ್ಲಿ ಒಂದನ್ನು ಇನ್ನೊಂದರ ವಿರುದ್ಧ ಹೂಡಿ, ವೈರಾಣುವಿನಿಂದಲೇ ಕ್ಯಾನ್ಸರನ್ನು ಕೊಲ್ಲಿಸಬಹುದೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳು ಹಲವು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಮ್ಮ ಹಿರಿಯರ ಗಾದೆ ಪ್ರಯೋಗಾಲಯದಲ್ಲಿ ಪರೀಕ್ಷೆಗೆ ನಿಂತಿರುವ ಬಗೆಯಿದು.

ಈಚೆಗೆ ವೈರಾಣು ಚಿಕಿತ್ಸೆಯ ಸುದ್ದಿಗಳು ಪತ್ರಿಕೆಗಳಲ್ಲಿಯೂ ಮೊಬೈಲುಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತಿವೆ. ಒಂದು ಚುಚ್ಚುಮದ್ದಿನಿಂದ ಕ್ಯಾನ್ಸರ್ ಮಾಯವಾಯಿತೆಂಬ ಶೀರ್ಷಿಕೆಗಳನ್ನು ಓದಿದವರಲ್ಲಿ ಆಸೆಯೂ ಗೊಂದಲವೂ ಒಟ್ಟೊಟ್ಟಿಗೆ ಹುಟ್ಟುವುದು ಸಹಜ. ಆದಕಾರಣ ಈ ಚಿಕಿತ್ಸೆಯ ಮೂಲತತ್ತ್ವವೇನು, ಸ್ತನ ಕ್ಯಾನ್ಸರಿನಲ್ಲಿ ಇದುವರೆಗೆ ಸಿದ್ಧವಾದುದೆಷ್ಟು, ಸಿದ್ಧವಾಗಬೇಕಾದುದೆಷ್ಟು, ನಮ್ಮ ನಾಡಿನ ಹೆಣ್ಣುಮಕ್ಕಳು ಇದರಿಂದ ತಿಳಿಯಬೇಕಾದುದೇನು ಎಂಬುದನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ರೋಗದ ವ್ಯಾಪ್ತಿ ಮತ್ತು ಬಗೆಗಳು

2022ರ ಜಾಗತಿಕ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ಪ್ರಪಂಚದಾದ್ಯಂತ ಸುಮಾರು 23 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 6 ಲಕ್ಷ 70 ಸಾವಿರ ಮಂದಿ ಅದರಿಂದ ಮರಣ ಹೊಂದಿದರು. ಭಾರತದಲ್ಲಿ ಹೊಸ ರೋಗಿಗಳ ಸಂಖ್ಯೆ ಸುಮಾರು 1 ಲಕ್ಷ 92 ಸಾವಿರ. ಮರಣಗಳು ಸುಮಾರು 98 ಸಾವಿರ. ಈ ಎರಡು ಸಾಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ನೋವಿನ ಸಂಗತಿ ತಿಳಿಯುತ್ತದೆ. ಪ್ರಪಂಚದ ಲೆಕ್ಕದಲ್ಲಿ ಹೊಸ ರೋಗಿಗಳ ಸಂಖ್ಯೆಗೆ ಮರಣಗಳ ಸಂಖ್ಯೆ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ, ನಮ್ಮಲ್ಲಿ ಅದು ಅರ್ಧದಷ್ಟಿದೆ. ನಮ್ಮ ಮಹಿಳೆಯರು ತಡವಾಗಿ ವೈದ್ಯರ ಬಳಿಗೆ ಬರುವುದೇ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಗಡ್ಡೆಯ ಜೀವಕೋಶಗಳ ಮೇಲೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳನ್ನು ಹಿಡಿಯುವ ಗ್ರಾಹಕಗಳಿವೆಯೇ, ಹರ್-2 ಎಂಬ ಪ್ರೋಟೀನು ಅಧಿಕವಾಗಿದೆಯೇ ಎಂಬುದನ್ನು ವೈದ್ಯರು ಮೊದಲು ಪರೀಕ್ಷಿಸುತ್ತಾರೆ. ಹಾರ್ಮೋನು ಗ್ರಾಹಕಗಳಿದ್ದರೆ ಟಮೋಕ್ಸಿಫೆನ್‌ನಂತಹ ಮಾತ್ರೆಗಳು, ಹರ್-2 ಅಧಿಕವಿದ್ದರೆ ಟ್ರಾಸ್ಟುಜುಮಾಬ್‌ನಂತಹ ಚುಚ್ಚುಮದ್ದು ಗುರಿಯಿಟ್ಟು ಹೊಡೆಯುತ್ತವೆ. ಈ ಮೂರೂ ಇಲ್ಲದ ಬಗೆಯನ್ನು ಟ್ರಿಪಲ್ ನೆಗೆಟಿವ್, ಅಂದರೆ ತ್ರಿವಿಧ ಗ್ರಾಹಕರಹಿತ ಸ್ತನ ಕ್ಯಾನ್ಸರ್ ಎನ್ನುತ್ತಾರೆ. ಇದರಲ್ಲಿ ಬಾಣವಿದ್ದರೂ ಗುರಿಯಿಲ್ಲ. ಇದು ವೇಗವಾಗಿ ಬೆಳೆಯುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಮರುಕಳಿಸುವ ಸಂಭವ ಹೆಚ್ಚು. ಬಿಆರ್‌ಸಿಎ-1 ವಂಶವಾಹಿಯಲ್ಲಿ ದೋಷವಿರುವವರಲ್ಲಿಯೂ ಕಿರಿಯ ವಯಸ್ಸಿನವರಲ್ಲಿಯೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತೀಯ ಮಹಿಳೆಯರಲ್ಲಿ ಈ ಬಗೆಯ ಪಾಲು ಹೆಚ್ಚೆಂಬುದು ವೈದ್ಯರ ಅನುಭವ. ವೈರಾಣು ಚಿಕಿತ್ಸೆಯ ಸಂಶೋಧನೆಯು ಬಹುಮಟ್ಟಿಗೆ ಈ ಕಠಿಣವಾದ ಬಗೆಯನ್ನೇ ಎದುರಿಗಿಟ್ಟುಕೊಂಡು ಸಾಗಿದೆ.

ದೇಹದ ಕಾವಲಿಗೆ ಬಿದ್ದ ಕಡಿವಾಣ

ನಮ್ಮ ದೇಹದಲ್ಲಿ ಹಗಲಿರುಳೂ ಕಾವಲು ತಿರುಗುವ ಒಂದು ಪಡೆಯಿದೆ. ಅದರ ಮುಂಚೂಣಿಯಲ್ಲಿರುವವು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು. ಅವು ಪ್ರತಿಯೊಂದು ಜೀವಕೋಶದ ಮೈದಡವಿ, ತನ್ನದೋ ಪರಕೀಯವೋ ಎಂದು ವಿಚಾರಿಸುತ್ತವೆ. ಪರಕೀಯವೆಂದು ಕಂಡುದನ್ನು ಕೊಲ್ಲುತ್ತವೆ. ಆದರೆ ಕಾವಲುಗಾರನ ಕೈಯಲ್ಲಿ ಕತ್ತಿಯಿದ್ದ ಮೇಲೆ ಅದನ್ನು ತಡೆಹಿಡಿಯುವ ಕಡಿವಾಣವೂ ಬೇಕು; ಇಲ್ಲವಾದರೆ ಅವನು ಮನೆಯವರನ್ನೇ ಕಡಿದಾನು. ಟಿ-ಕೋಶದ ಮೇಲಿರುವ ಪಿಡಿ-1 ಎಂಬ ಪ್ರೋಟೀನು ಅಂತಹ ಒಂದು ಕಡಿವಾಣ. ಎದುರಿನ ಜೀವಕೋಶವು ಪಿಡಿ-ಎಲ್1 ಎಂಬ ಪ್ರೋಟೀನನ್ನು ತೋರಿಸಿ ಆ ಕಡಿವಾಣವನ್ನು ಜಗ್ಗಿದರೆ ಟಿ-ಕೋಶ ಸುಮ್ಮನಾಗುತ್ತದೆ. ಕಪಟಿಯಾದ ಕ್ಯಾನ್ಸರ್ ಕೋಶವು ಇದೇ ಗುಟ್ಟನ್ನು ಕಲಿತು, ತಾನೂ ಪಿಡಿ-ಎಲ್1 ತೋರಿಸಿ ಶಿಕ್ಷೆಯಿಂದ ಪಾರಾಗುತ್ತದೆ.

ಈ ಕಡಿವಾಣಗಳನ್ನು ಸಡಿಲಿಸುವ ಔಷಧಗಳೇ ಇಂದಿನ ಇಮ್ಯುನೊಥೆರಪಿಯ ಒಂದು ಮುಖ್ಯ ಶಾಖೆ. ಇದಕ್ಕೆ ಅಡಿಪಾಯ ಹಾಕಿದ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ತ್ರಿವಿಧ ಗ್ರಾಹಕರಹಿತ ಸ್ತನ ಕ್ಯಾನ್ಸರಿನಲ್ಲಿಯೂ ಈ ಮಾರ್ಗ ಫಲ ಕೊಟ್ಟಿದೆ. 1,174 ಮಹಿಳೆಯರು ಭಾಗವಹಿಸಿದ ಕೀನೋಟ್-522 ಎಂಬ ದೊಡ್ಡ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಕಿಮೊಥೆರಪಿಯ ಜೊತೆಗೆ ಪೆಂಬ್ರೊಲಿಜುಮಾಬ್ ಎಂಬ ಪಿಡಿ-1 ತಡೆಯುವ ಔಷಧವನ್ನು ಒಂದು ಗುಂಪಿಗೆ ಕೊಡಲಾಯಿತು. ಮೊದಲ ವಿಶ್ಲೇಷಣೆಯಲ್ಲಿ ಆ ಗುಂಪಿನ ಶೇಕಡಾ 64.8ರಷ್ಟು ಮಹಿಳೆಯರಲ್ಲಿ, ಶಸ್ತ್ರಚಿಕಿತ್ಸೆಯ ವೇಳೆಗೆ ಆಕ್ರಮಣಕಾರಿ ಕ್ಯಾನ್ಸರಿನ ಕುರುಹೇ ಉಳಿದಿರಲಿಲ್ಲ. ಕಿಮೊಥೆರಪಿ ಮಾತ್ರ ಪಡೆದವರಲ್ಲಿ ಈ ಪ್ರಮಾಣ 51.2. ಐದು ವರ್ಷಗಳ ಬಳಿಕ ಬದುಕುಳಿದವರ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡಾ 86.6, ಎರಡನೆಯ ಗುಂಪಿನಲ್ಲಿ 81.7 ಎಂದು 2024ರಲ್ಲಿ ವರದಿಯಾಯಿತು.

ಇದು ದೊಡ್ಡ ಮುನ್ನಡೆಯೇ. ಆದರೂ ಮೂವರಲ್ಲಿ ಒಬ್ಬರಿಗೆ ಗಡ್ಡೆ ಪೂರ್ಣವಾಗಿ ಕರಗಲಿಲ್ಲವೆಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಏಕೆ? ಕಡಿವಾಣ ಸಡಿಲಿಸಿದರೆ ಸಾಲದು. ಕಾವಲುಗಾರನು ಆ ಸ್ಥಳದಲ್ಲಿ ಇರಬೇಕಷ್ಟೆ. ಕೆಲವು ಗಡ್ಡೆಗಳೊಳಗೆ ಟಿ-ಕೋಶಗಳೇ ಪ್ರವೇಶಿಸಿರುವುದಿಲ್ಲ. ಅಂತಹವನ್ನು ವೈದ್ಯರು ತಣ್ಣನೆಯ ಗಡ್ಡೆಗಳೆಂದು ಕರೆಯುತ್ತಾರೆ. ತಣ್ಣಗಿರುವ ಗಡ್ಡೆಯಲ್ಲಿ ಕಿಡಿ ಹೊತ್ತಿಸುವ ಸಾಧನವೊಂದು ಬೇಕಾಯಿತು. ಅಲ್ಲಿ ವೈರಾಣುವಿನ ನೆನಪಾಯಿತು.

ಒಂದು ಶತಮಾನದ ಹಿಂದಿನ ಸುಳಿವು

ಈ ಆಲೋಚನೆ ಇಂದು ನಿನ್ನೆಯದಲ್ಲ. 1904ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಡಾಕ್ ಅವರು, ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಮಹಿಳೆಯೊಬ್ಬಳಿಗೆ ಫ್ಲೂ ಜ್ವರ ಬಂದು ಹೋದ ಬಳಿಕ ರೋಗ ತಾತ್ಕಾಲಿಕವಾಗಿ ಇಳಿದುದನ್ನು ದಾಖಲಿಸಿದರು. 1912ರಲ್ಲಿ ಇಟಲಿಯ ವೈದ್ಯರೊಬ್ಬರು, ರೇಬಿಸ್ ಲಸಿಕೆ ಪಡೆದ ಮಹಿಳೆಯ ಗರ್ಭಕಂಠದ ಗಡ್ಡೆ ಕುಗ್ಗಿದುದನ್ನು ವರದಿ ಮಾಡಿದರು. ಆಗ ವೈರಾಣುವಿನ ಸ್ವರೂಪವೇ ಯಾರಿಗೂ ಸ್ಪಷ್ಟವಿರಲಿಲ್ಲ. 1950ರ ದಶಕದಲ್ಲಿ ಕೆಲವರು ವೆಸ್ಟ್ ನೈಲ್ ಮೊದಲಾದ ಕಾಡು ವೈರಾಣುಗಳನ್ನೇ ರೋಗಿಗಳಿಗೆ ಚುಚ್ಚಿ ನೋಡಿದರು. ಕೆಲವರ ಗಡ್ಡೆ ಕುಗ್ಗಿತು. ಆದರೆ ಕೆಲವರಿಗೆ ಮೆದುಳಿನ ಉರಿಯೂತ ಬಂದಿತು. ರೋಗಕ್ಕಿಂತ ಮದ್ದೇ ಅಪಾಯಕರವಾದಾಗ ಆ ದಾರಿಯಲ್ಲಿ ನಡೆಯುವವರು ಕಡಿಮೆಯಾದರು.

ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆ ಕೈಗೆ ಬಂದ ಮೇಲೆ ಚಿತ್ರ ಬದಲಾಯಿತು. 1991ರಲ್ಲಿ ರಾಬರ್ಟ್ ಮಾರ್ಟುಜಾ ಮತ್ತು ಸಂಗಡಿಗರು ಹರ್ಪಿಸ್ ವೈರಾಣುವಿನಿಂದ ಒಂದು ವಂಶವಾಹಿಯನ್ನು ತೆಗೆದುಹಾಕಿ, ಅದು ಇಲಿಗಳ ಮೆದುಳಿನ ಗಡ್ಡೆಯನ್ನು ನಾಶಗೊಳಿಸುವಂತೆ ಮಾಡಿ ತೋರಿಸಿದರು. ಕಾಡಾನೆಯನ್ನು ಹಿಡಿದು ಪಳಗಿಸುವಂತೆ ವೈರಾಣುವನ್ನೂ ಪಳಗಿಸಬಹುದೆಂಬ ವಿಶ್ವಾಸ ಅಲ್ಲಿಂದ ಬೆಳೆಯಿತು. 2005ರಲ್ಲಿ ಚೀನಾ ದೇಶವು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಮಾರ್ಪಡಿಸಿದ ಅಡಿನೊ ವೈರಾಣುವೊಂದನ್ನು ಅನುಮೋದಿಸಿತು. 2015ರ ಅಕ್ಟೋಬರಿನಲ್ಲಿ ಅಮೆರಿಕವು ಚರ್ಮದ ಮೆಲನೋಮಾ ಎಂಬ ಕ್ಯಾನ್ಸರಿಗೆ ಟಿ-ವೆಕ್ ಎಂಬ ಹರ್ಪಿಸ್ ವೈರಾಣುವನ್ನು ಅಂಗೀಕರಿಸಿತು. 2021ರಲ್ಲಿ ಜಪಾನ್ ಮೆದುಳಿನ ಗಡ್ಡೆಗೆ ಇನ್ನೊಂದು ಹರ್ಪಿಸ್ ವೈರಾಣುವಿಗೆ ಷರತ್ತಿನ ಅನುಮತಿ ನೀಡಿತು.

ಪಳಗಿದ ವೈರಾಣುವಿನ ಕೆಲಸ

ಟಿ-ವೆಕ್ ಅನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಏಳುವ ನೀರ್ಗುಳ್ಳೆಗಳನ್ನು ಎಲ್ಲರೂ ಕಂಡಿದ್ದೇವೆ. ಅದಕ್ಕೆ ಕಾರಣವಾದ ಹರ್ಪಿಸ್ ವೈರಾಣುವೇ ಇದರ ಮೂಲ. ನರಮಂಡಲದಲ್ಲಿ ಬೆಳೆಯಲು ಅದಕ್ಕೆ ನೆರವಾಗುವ ವಂಶವಾಹಿಯನ್ನು ತೆಗೆದಿದ್ದಾರೆ. ರೋಗನಿರೋಧಕ ಪಡೆಯಿಂದ ಅದು ಮರೆಯಾಗಲು ಬಳಸುವ ಇನ್ನೊಂದು ವಂಶವಾಹಿಯನ್ನೂ ತೆಗೆದಿದ್ದಾರೆ. ಅವುಗಳ ಬದಲಿಗೆ, ಕಾವಲು ಕೋಶಗಳನ್ನು ಕೂಗಿ ಕರೆಯುವ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ತಯಾರಿಸುವ ಮಾನವ ವಂಶವಾಹಿಯನ್ನು ಸೇರಿಸಿದ್ದಾರೆ.

ಆರೋಗ್ಯವಂತ ಜೀವಕೋಶವನ್ನು ಬಿಟ್ಟು ಕ್ಯಾನ್ಸರ್ ಕೋಶವನ್ನಷ್ಟೇ ವೈರಾಣು ಹೇಗೆ ಆರಿಸಿಕೊಳ್ಳುತ್ತದೆ ಎಂಬ ಪ್ರಶ್ನೆ ಏಳುವುದು ನ್ಯಾಯ. ಆರೋಗ್ಯವಂತ ಕೋಶದೊಳಕ್ಕೆ ವೈರಾಣು ನುಗ್ಗಿದರೆ, ಆ ಕೋಶವು ಇಂಟರ್ಫೆರಾನ್ ಎಂಬ ರಾಸಾಯನಿಕದ ಮೂಲಕ ಎಚ್ಚರಿಕೆಯ ಗಂಟೆ ಬಾರಿಸಿ, ತನ್ನ ಉತ್ಪಾದನಾ ಕಾರ್ಯಗಳನ್ನು ನಿಲ್ಲಿಸಿ ವೈರಾಣು ಬೆಳೆಯದಂತೆ ಮಾಡುತ್ತದೆ. ಕ್ಯಾನ್ಸರ್ ಕೋಶವು ಎಡೆಬಿಡದೆ ಬೆಳೆಯುವ ಹುಚ್ಚಿನಲ್ಲಿ ಈ ಗಂಟೆಯನ್ನೇ ಕಳೆದುಕೊಂಡಿರುತ್ತದೆ. ಬಲವೆಂದು ಅದು ಪಡೆದುಕೊಂಡ ಬೆಳವಣಿಗೆಯೇ ವೈರಾಣುವಿನ ಮುಂದೆ ದೌರ್ಬಲ್ಯವಾಗಿ ಪರಿಣಮಿಸುತ್ತದೆ. ವೈರಾಣು ಅಲ್ಲಿ ಸಾವಿರಗಟ್ಟಲೆಯಾಗಿ ಬೆಳೆದು, ಕೊನೆಗೆ ಆ ಕೋಶವನ್ನು ಒಡೆದು ಹೊರಬಂದು ಪಕ್ಕದ ಕ್ಯಾನ್ಸರ್ ಕೋಶವನ್ನು ಹೊಗುತ್ತದೆ.

ಇದಿಷ್ಟೇ ಆಗಿದ್ದರೆ ವೈರಾಣು ಮುಟ್ಟಿದ ಗಡ್ಡೆ ಮಾತ್ರ ಕರಗುತ್ತಿತ್ತು. ಅದಕ್ಕಿಂತ ಮಹತ್ತ್ವದ ಕೆಲಸ ಮುಂದಿದೆ. ಒಡೆದ ಕೋಶದ ಚೂರುಗಳು ಸುತ್ತಲೂ ಚೆಲ್ಲಿದಾಗ, ಅಷ್ಟರವರೆಗೆ ಒಳಗೆ ಅಡಗಿದ್ದ ಕ್ಯಾನ್ಸರಿನ ಗುರುತುಗಳು ಬಯಲಿಗೆ ಬೀಳುತ್ತವೆ. ಡೆಂಡ್ರಿಟಿಕ್ ಕೋಶಗಳೆಂಬ ವಾರ್ತಾವಾಹಕಗಳು ಆ ಚೂರುಗಳನ್ನು ಹೆಕ್ಕಿ ದುಗ್ಧಗ್ರಂಥಿಗಳಿಗೆ ಒಯ್ದು ಟಿ-ಕೋಶಗಳಿಗೆ ತೋರಿಸುತ್ತವೆ. ತರಬೇತಿ ಪಡೆದ ಟಿ-ಕೋಶಗಳು ಗಡ್ಡೆಯತ್ತ ಧಾವಿಸುತ್ತವೆ; ವೈರಾಣು ತಲುಪದ ದೂರದ ಗಡ್ಡೆಗಳಲ್ಲಿಯೂ ಅದೇ ಗುರುತನ್ನು ಕಂಡು ಹಿಡಿಯಬಲ್ಲವು. ಗಡ್ಡೆಯೇ ತನ್ನ ವಿರುದ್ಧದ ಲಸಿಕೆಯಾಗಿ ಮಾರ್ಪಡುವುದೆಂದರೆ ಇದೇ.

ಎರಡನ್ನೂ ಕೂಡಿಸುವ ಯುಕ್ತಿ

ಇಲ್ಲೊಂದು ತೊಡಕಿದೆ. ವೈರಾಣು ಎಬ್ಬಿಸಿದ ಇಂಟರ್ಫೆರಾನ್ ಮತ್ತು ಟಿ-ಕೋಶಗಳ ದಾಳಿಗೆ ಪ್ರತಿಯಾಗಿ, ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತಲೂ ಹೆಚ್ಚಾಗಿ ಪಿಡಿ-ಎಲ್1 ಅನ್ನು ತೋರಿಸತೊಡಗುತ್ತವೆ. ಅಂದರೆ ವೈರಾಣು ಕಾವಲುಗಾರರನ್ನು ಕರೆತರುತ್ತದೆ, ಕ್ಯಾನ್ಸರ್ ಅವರ ಕಡಿವಾಣ ಜಗ್ಗುತ್ತದೆ. ಆ ಹೊತ್ತಿನಲ್ಲಿ ಪಿಡಿ-1 ತಡೆಯುವ ಔಷಧ ಕೊಟ್ಟರೆ? ಕರೆತರುವ ಕೆಲಸ ಒಂದರದು, ಕಡಿವಾಣ ಬಿಡಿಸುವ ಕೆಲಸ ಇನ್ನೊಂದರದು. ಒಂಟಿಯಾಗಿ ಅಪೂರ್ಣವಾದ ಎರಡು ಚಿಕಿತ್ಸೆಗಳು ಜೋಡಿಯಾಗಿ ಪೂರ್ಣವಾಗಬಹುದೆಂಬ ಊಹೆ ಇಲ್ಲಿಂದ ಹುಟ್ಟಿತು.

ಕೆನಡಾದ ಒಟ್ಟಾವಾ ನಗರದಲ್ಲಿ ಜಾನ್ ಬೆಲ್ ಅವರ ತಂಡದಲ್ಲಿ ಮರಿ-ಕ್ಲಾಡ್ ಬೂರ್ಜ್ವಾ-ಡೇನ್ಯೊ ಮೊದಲಾದವರು ಈ ಊಹೆಯನ್ನು ಇಲಿಗಳಲ್ಲಿ ಪರೀಕ್ಷಿಸಿ, 2018ರ ಜನವರಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಬಳಸಿದುದು ಮರಾಬಾ ಎಂಬ ವೈರಾಣು. ಬ್ರೆಜಿಲ್ ದೇಶದ ಮರಳುನೊಣಗಳಲ್ಲಿ ಮೊದಲು ದೊರೆತದ್ದು. ತ್ರಿವಿಧ ಗ್ರಾಹಕರಹಿತ ಸ್ತನ ಕ್ಯಾನ್ಸರನ್ನು ಹೋಲುವ ಗಡ್ಡೆಗಳಿದ್ದ ಇಲಿಗಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ವೈರಾಣುವನ್ನೂ, ಶಸ್ತ್ರಚಿಕಿತ್ಸೆಯ ಬಳಿಕ ಕಡಿವಾಣ ಬಿಡಿಸುವ ಔಷಧವನ್ನೂ ಕೊಟ್ಟರು. ಜೋಡಿ ಚಿಕಿತ್ಸೆ ಪಡೆದ ಇಲಿಗಳಲ್ಲಿ ಶೇಕಡಾ 60ರಿಂದ 90ರಷ್ಟು ಗುಣವಾದವು. ವೈರಾಣು ಮಾತ್ರ ಪಡೆದವುಗಳಲ್ಲಿ ಗುಣವಾದದ್ದು ಶೇಕಡಾ 20ರಿಂದ 30. ಕಡಿವಾಣ ಬಿಡಿಸುವ ಔಷಧ ಮಾತ್ರ ಪಡೆದವುಗಳಲ್ಲಿ ಒಂದೂ ಇಲ್ಲ.

ಈ ಪ್ರಯೋಗದಲ್ಲಿ ಚಿಕಿತ್ಸೆಯ ಕ್ರಮವೂ ಗಮನಾರ್ಹ. ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ವೈರಾಣುವಿಗೆ ಬೆಳೆಯಲು ಮನೆಯಿಲ್ಲ, ಟಿ-ಕೋಶಗಳಿಗೆ ಪಾಠ ಕಲಿಯಲು ಪುಸ್ತಕವಿಲ್ಲ. ಆದುದರಿಂದ ಗಡ್ಡೆ ಇನ್ನೂ ಸ್ಥಳದಲ್ಲಿರುವಾಗಲೇ ವೈರಾಣುವನ್ನು ಕೊಡಬೇಕು. ಬಳಿಕ ಶಸ್ತ್ರವೈದ್ಯನು ಮೂಲವನ್ನು ತೆಗೆದರೂ, ಪಾಠ ಕಲಿತ ಟಿ-ಕೋಶಗಳು ದೇಹದ ಮೂಲೆಗಳಲ್ಲಿ ಅಡಗಿದ ಬೀಜಗಳನ್ನು ಹುಡುಕಬಲ್ಲವು. ಸ್ತನ ಕ್ಯಾನ್ಸರಿನಲ್ಲಿ ಪ್ರಾಣ ತೆಗೆಯುವುದು ಸ್ತನದೊಳಗಿನ ಗಡ್ಡೆಗಿಂತ ಹೆಚ್ಚಾಗಿ ಶ್ವಾಸಕೋಶ, ಯಕೃತ್ತು, ಮೂಳೆ, ಮೆದುಳುಗಳಿಗೆ ಹರಡಿದ ಬೀಜಗಳು. ಅದಕ್ಕೇ ಈ ಕ್ರಮಕ್ಕೆ ಅಷ್ಟು ಬೆಲೆ.

ಮಹಿಳೆಯರಲ್ಲಿ ನಡೆದ ಪ್ರಯೋಗಗಳು

ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿಯೂ ಗೆಲ್ಲಬೇಕೆಂಬ ನಿಯಮವಿಲ್ಲ. ಹಾಗಾದರೆ ಮಹಿಳೆಯರಲ್ಲಿ ಕಂಡುದೇನು?

ಅಮೆರಿಕದ ಫ್ಲಾರಿಡಾ ರಾಜ್ಯದ ಮೊಫಿಟ್ ಕ್ಯಾನ್ಸರ್ ಕೇಂದ್ರದಲ್ಲಿ ಹಾತೆಮ್ ಸೊಲಿಮಾನ್ ಅವರ ನೇತೃತ್ವದಲ್ಲಿ ನಡೆದ ಎರಡನೆಯ ಹಂತದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಎರಡನೆಯ ಮತ್ತು ಮೂರನೆಯ ಘಟ್ಟದ ತ್ರಿವಿಧ ಗ್ರಾಹಕರಹಿತ ಸ್ತನ ಕ್ಯಾನ್ಸರ್ ಇದ್ದ 37 ಮಹಿಳೆಯರಿಗೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಕಿಮೊಥೆರಪಿಯ ಜೊತೆಗೆ ಟಿ-ವೆಕ್ ವೈರಾಣುವನ್ನು ನೇರವಾಗಿ ಗಡ್ಡೆಯೊಳಗೆ ಐದು ಬಾರಿ ಚುಚ್ಚಲಾಯಿತು. ಶಸ್ತ್ರಚಿಕಿತ್ಸೆಯ ವೇಳೆ ಶೇಕಡಾ 45.9ರಷ್ಟು ಮಹಿಳೆಯರಲ್ಲಿ ಕ್ಯಾನ್ಸರಿನ ಉಳಿಕೆಯೇ ಕಾಣಲಿಲ್ಲ. ಅತ್ಯಲ್ಪ ಉಳಿಕೆಯಿದ್ದವರನ್ನೂ ಸೇರಿಸಿದರೆ ಈ ಪ್ರಮಾಣ ಶೇಕಡಾ 65. ಎರಡು ವರ್ಷಗಳ ಕೊನೆಗೆ ಶೇಕಡಾ 89ರಷ್ಟು ಮಂದಿ ರೋಗಮುಕ್ತರಾಗಿದ್ದರು. ಉಳಿಕೆ ಇಲ್ಲದ ಅಥವಾ ಅತ್ಯಲ್ಪವಿದ್ದವರಲ್ಲಿ ಒಬ್ಬರಿಗೂ ರೋಗ ಮರುಕಳಿಸಿರಲಿಲ್ಲ. ಈ ಅಧ್ಯಯನದಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರಲಿಲ್ಲ, ಮತ್ತು ವೈರಾಣುವಿಗೆ ಜೊತೆಯಾದದ್ದು ಕಿಮೊಥೆರಪಿಯೇ ಹೊರತು ಕಡಿವಾಣ ಬಿಡಿಸುವ ಔಷಧವಲ್ಲ ಎಂಬುದನ್ನು ಓದುಗರು ಗಮನದಲ್ಲಿಡಬೇಕು.

ರಿಯೊ ವೈರಾಣು ಎಂಬ ಇನ್ನೊಂದು ವೈರಾಣುವನ್ನು ರಕ್ತನಾಳದ ಮೂಲಕವೇ ಕೊಡಬಹುದು. ದೇಹಕ್ಕೆ ಹರಡಿದ ಸ್ತನ ಕ್ಯಾನ್ಸರಿನ 74 ಮಹಿಳೆಯರಲ್ಲಿ ನಡೆದ ಕೆನಡಾದ ಅಧ್ಯಯನವೊಂದರಲ್ಲಿ, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕಿಮೊ ಔಷಧದೊಡನೆ ಈ ವೈರಾಣುವನ್ನೂ ಪಡೆದವರ ಬದುಕುಳಿಕೆಯ ಮಧ್ಯಮ ಅವಧಿ 17.4 ತಿಂಗಳು, ಕಿಮೊ ಮಾತ್ರ ಪಡೆದವರದು 10.4 ತಿಂಗಳು. ಆದರೆ ರೋಗ ಮುಂದುವರಿಯದೆ ನಿಂತ ಅವಧಿಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ. ಮುಂದೆ ಸ್ಪೇನ್ ದೇಶದಲ್ಲಿ ಆರಂಭಿಕ ಸ್ತನ ಕ್ಯಾನ್ಸರಿನ ಮಹಿಳೆಯರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಇದೇ ವೈರಾಣುವನ್ನು ಕೊಟ್ಟು, ಕೆಲವರಿಗೆ ಅಟೆಜೊಲಿಜುಮಾಬ್ ಎಂಬ ಪಿಡಿ-ಎಲ್1 ತಡೆಯುವ ಔಷಧವನ್ನೂ ಸೇರಿಸಿ ನೋಡಿದರು. ರಕ್ತದ ಮೂಲಕ ಹೋದ ವೈರಾಣು ಗಡ್ಡೆಯನ್ನು ತಲುಪಿದುದೂ, ಅಲ್ಲಿ ಟಿ-ಕೋಶಗಳು ಹೆಚ್ಚಿದುದೂ ಅಂಗಾಂಶ ಪರೀಕ್ಷೆಯಲ್ಲಿ ಕಂಡುಬಂದಿತು. ತಣ್ಣನೆಯ ಗಡ್ಡೆಯನ್ನು ಬೆಚ್ಚಗಾಗಿಸಬಹುದೆಂಬ ತತ್ತ್ವಕ್ಕೆ ಇದು ಸಾಕ್ಷಿ. ಆಯುಷ್ಯ ಹೆಚ್ಚುವುದೆಂಬುದಕ್ಕೆ ಇನ್ನೂ ಸಾಕ್ಷಿಯಲ್ಲ.

ಆಸೆಗೆ ಅಳತೆಗೋಲು

ಇಲ್ಲಿ ಮೆಲನೋಮಾ ಕಲಿಸಿದ ಪಾಠವೊಂದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಟಿ-ವೆಕ್ ಒಂದನ್ನೇ ಪರೀಕ್ಷಿಸಿದ 436 ರೋಗಿಗಳ ಪ್ರಯೋಗದಲ್ಲಿ, ಆರು ತಿಂಗಳಾದರೂ ನಿಲ್ಲುವ ಪರಿಣಾಮ ಕಂಡವರು ಶೇಕಡಾ 16.3, ಹೋಲಿಕೆಯ ಗುಂಪಿನಲ್ಲಿ 2.1. ಆ ಬಲದ ಮೇಲೆಯೇ ಅದಕ್ಕೆ ಅನುಮೋದನೆ ದೊರೆಯಿತು. ಬಳಿಕ ಟಿ-ವೆಕ್ ಮತ್ತು ಪೆಂಬ್ರೊಲಿಜುಮಾಬ್‌ಗಳನ್ನು ಜೋಡಿಸಿ 21 ರೋಗಿಗಳಲ್ಲಿ ನೋಡಿದಾಗ ಶೇಕಡಾ 62ರಷ್ಟು ಮಂದಿಯ ಗಡ್ಡೆಗಳು ಕುಗ್ಗಿದವು. 2017ರಲ್ಲಿ ಈ ವರದಿ ಬಂದಾಗ ವೈದ್ಯಲೋಕ ಸಂಭ್ರಮಿಸಿತು. ಅನಂತರ 692 ರೋಗಿಗಳಲ್ಲಿ, ಯಾರಿಗೆ ಯಾವ ಚಿಕಿತ್ಸೆಯೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಮೂರನೆಯ ಹಂತದ ಪ್ರಯೋಗ ನಡೆಸಿದರು. ಪೆಂಬ್ರೊಲಿಜುಮಾಬ್ ಒಂದನ್ನೇ ಪಡೆದವರಿಗಿಂತ ಜೋಡಿ ಪಡೆದವರ ಆಯುಷ್ಯದಲ್ಲಾಗಲಿ, ರೋಗ ತಡೆದು ನಿಂತ ಅವಧಿಯಲ್ಲಾಗಲಿ ಸಂಖ್ಯಾಶಾಸ್ತ್ರ ಒಪ್ಪುವಂತಹ ಹೆಚ್ಚಳ ಸಿದ್ಧವಾಗಲಿಲ್ಲ.

ಈ ಪ್ರಯೋಗದಿಂದ ವೈರಾಣು ಮಾರ್ಗವೇ ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ಮುಂದುವರಿದ ಮೆಲನೋಮಾಕ್ಕೂ ಆರಂಭಿಕ ಸ್ತನ ಕ್ಯಾನ್ಸರಿಗೂ ವ್ಯತ್ಯಾಸವಿದೆ. ಮೆಲನೋಮಾ ಮೊದಲೇ ಬೆಚ್ಚನೆಯ ಗಡ್ಡೆ, ಅಲ್ಲಿ ಕಡಿವಾಣ ಬಿಡಿಸುವ ಔಷಧ ಒಂಟಿಯಾಗಿಯೇ ಬಹಳ ಕೆಲಸ ಮಾಡುತ್ತದೆ. ಆದರೆ ಒಂದಂತೂ ನಿಶ್ಚಿತ. ಇಪ್ಪತ್ತು ಮೂವತ್ತು ಮಂದಿಯಲ್ಲಿ ಕಂಡ ಫಲವು ನೂರಾರು ಮಂದಿಯಲ್ಲಿ ನಿಲ್ಲುವವರೆಗೆ ಅದನ್ನು ಚಿಕಿತ್ಸೆಯೆಂದು ಕರೆಯಲಾಗದು. ಸ್ತನ ಕ್ಯಾನ್ಸರಿಗೆಂದು ವೈರಾಣು ಚಿಕಿತ್ಸೆ ಇಂದಿಗೂ ಪ್ರಯೋಗದ ಅಂಗಳದಲ್ಲಿಯೇ ಇದೆ. ವೈದ್ಯರು ದಿನನಿತ್ಯ ಬರೆದುಕೊಡುವ ಔಷಧಗಳ ಸಾಲಿಗೆ ಸೇರಿಲ್ಲ.

ಅಡ್ಡಪರಿಣಾಮಗಳನ್ನೂ ಮರೆಯಲಾಗದು. ವೈರಾಣು ಚುಚ್ಚಿದ ಬಳಿಕ ಜ್ವರ, ಚಳಿ, ಆಯಾಸ, ಚುಚ್ಚಿದೆಡೆ ನೋವು ಸಾಮಾನ್ಯ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇಳಿಯುತ್ತವೆ. ರೋಗನಿರೋಧಕ ಶಕ್ತಿ ತೀರ ಕುಂದಿದವರಿಗೂ ಗರ್ಭಿಣಿಯರಿಗೂ ಟಿ-ವೆಕ್ ನಿಷಿದ್ಧ. ಕಡಿವಾಣ ಬಿಡಿಸುವ ಔಷಧಗಳ ಅಪಾಯ ಬೇರೆ ಬಗೆಯದು. ಕಾವಲುಗಾರರು ಸ್ವಂತ ಅಂಗಗಳ ಮೇಲೆಯೇ ಎರಗಿ ಥೈರಾಯ್ಡ್, ಅಡ್ರಿನಲ್, ಕರುಳು, ಶ್ವಾಸಕೋಶ, ಯಕೃತ್ತುಗಳಿಗೆ ತೊಂದರೆ ಕೊಡಬಹುದು. ಕೆಲವರಿಗೆ ಜೀವನಪರ್ಯಂತ ಹಾರ್ಮೋನು ಮಾತ್ರೆ ಬೇಕಾಗುವುದುಂಟು.

ನಮ್ಮ ಹೆಣ್ಣುಮಕ್ಕಳು ಅರಿಯಬೇಕಾದುದು

ಈ ವಿಚಾರವನ್ನೆಲ್ಲ ಇಲ್ಲಿ ವಿವರಿಸಿದ ಉದ್ದೇಶ ವಿಜ್ಞಾನದ ಸೋಜಿಗವನ್ನು ತೋರಿಸುವುದಷ್ಟೇ ಅಲ್ಲ. ಹೊಸ ಚಿಕಿತ್ಸೆ ಬರುತ್ತದೆಂಬ ನಂಬಿಕೆಯಿಂದ ಇರುವ ಚಿಕಿತ್ಸೆಯನ್ನು ಮುಂದೂಡುವವರನ್ನು ನಾವು ಕಾಣುತ್ತೇವೆ. ಮನೆಯವರಿಗೆ ತೊಂದರೆಯಾದೀತೆಂದು, ನೋವಿಲ್ಲವೆಂದು, ನಾಚಿಕೆಯೆಂದು ಗಂಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿಂಗಳುಗಳನ್ನು ಕಳೆಯುವ ತಾಯಂದಿರೂ ನಮ್ಮ ನಡುವೆ ಇದ್ದಾರೆ. ಮಗಳ ಮದುವೆ ಮುಗಿಯಲಿ, ಸುಗ್ಗಿ ಕಳೆಯಲಿ ಎಂದು ಕಾಯುವವರಿಗಾಗಿ ಗಡ್ಡೆ ಕಾಯುವುದಿಲ್ಲ. ನೋವಿಲ್ಲದ ಗಂಟೇ ಹೆಚ್ಚು ಅನುಮಾನಾಸ್ಪದ ಎಂಬುದನ್ನು ಪ್ರತಿ ಮನೆಯಲ್ಲಿಯೂ ಹೇಳಬೇಕಾಗಿದೆ.

ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮದಲ್ಲಿ ಗುಳಿ ಅಥವಾ ಕಿತ್ತಳೆ ಸಿಪ್ಪೆಯಂತಹ ಒರಟುತನ, ತೊಟ್ಟು ಒಳಕ್ಕೆ ಸೆಳೆದುಕೊಳ್ಳುವುದು, ತೊಟ್ಟಿನಿಂದ ರಕ್ತಮಿಶ್ರಿತ ಸ್ರಾವ, ಒಂದು ಸ್ತನದ ಗಾತ್ರ ಅಥವಾ ಆಕಾರ ಹೊಸದಾಗಿ ಬದಲಾಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಗಂಟುಗಳೆಲ್ಲ ಕ್ಯಾನ್ಸರ್ ಅಲ್ಲ, ಬಹುಪಾಲು ನಿರಪಾಯಕಾರಿ. ಆದರೆ ಅದನ್ನು ಹೇಳಬೇಕಾದುದು ಪರೀಕ್ಷೆಯೇ ಹೊರತು ನೆರೆಮನೆಯವರ ಸಮಾಧಾನವಲ್ಲ.

ಬೇಗ ಪತ್ತೆಹಚ್ಚಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಮುಂಬಯಿಯಲ್ಲಿ ಟಾಟಾ ಸ್ಮಾರಕ ಕೇಂದ್ರವು 1998ರಿಂದ 35ರಿಂದ 64 ವಯಸ್ಸಿನ 1,51,538 ಮಹಿಳೆಯರಲ್ಲಿ ನಡೆಸಿದ ಅಧ್ಯಯನದ ಫಲ 2021ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮಹಿಳೆಯರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಆ ಗುಂಪಿನಲ್ಲಿ ರೋಗ ಕಡಿಮೆ ಮುಂದುವರಿದ ಘಟ್ಟದಲ್ಲಿಯೇ ಪತ್ತೆಯಾಯಿತು. 50 ವರ್ಷ ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇಕಡಾ 30ರಷ್ಟು ಇಳಿಯಿತು. 50ಕ್ಕಿಂತ ಕಿರಿಯರಲ್ಲಿ ಅಂತಹ ಇಳಿಕೆ ಕಾಣಲಿಲ್ಲವಾದ್ದರಿಂದ, ಅವರು ಮೇಲೆ ಹೇಳಿದ ಲಕ್ಷಣಗಳ ಕಡೆಗೆ ತಾವೇ ಹೆಚ್ಚು ಎಚ್ಚರವಾಗಿರುವುದು ಒಳಿತು. ಯಾವ ವೈರಾಣು ಚಿಕಿತ್ಸೆಯೂ ಇದುವರೆಗೆ ಸಾಧಿಸಿ ತೋರಿಸದ ಫಲವನ್ನು ತರಬೇತಿ ಪಡೆದ ಎರಡು ಕೈಗಳು ಸಾಧಿಸಿ ತೋರಿಸಿವೆ.

ಹೊಸ ಔಷಧಗಳ ಬೆಲೆ ನಮ್ಮ ಬಹುಪಾಲು ಕುಟುಂಬಗಳ ಕೈಗೆಟುಕದೆಂಬುದೂ ಸತ್ಯ. ಇದಕ್ಕೂ ನಮ್ಮ ದೇಶದ ವೈದ್ಯರು ಉತ್ತರ ಹುಡುಕುತ್ತಿದ್ದಾರೆ. ಟಾಟಾ ಸ್ಮಾರಕದ ವೈದ್ಯರೇ ತಲೆ ಮತ್ತು ಕುತ್ತಿಗೆಯ ಮುಂದುವರಿದ ಕ್ಯಾನ್ಸರಿನ 151 ರೋಗಿಗಳಲ್ಲಿ, ನಿವೊಲುಮಾಬ್ ಎಂಬ ಪಿಡಿ-1 ತಡೆಯುವ ಔಷಧವನ್ನು ರೂಢಿಯ ಪ್ರಮಾಣದ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗಿ ಕೊಟ್ಟು ಪರೀಕ್ಷಿಸಿದರು. ಒಂದು ವರ್ಷದ ಬಳಿಕ ಬದುಕಿದ್ದವರು ಶೇಕಡಾ 43.4, ಆ ಔಷಧವಿಲ್ಲದ ಗುಂಪಿನಲ್ಲಿ 16.3. ಸ್ತನ ಕ್ಯಾನ್ಸರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಶ್ರೀಮಂತ ದೇಶಗಳ ಪ್ರಮಾಣವೇ ಕಟ್ಟಕಡೆಯ ಮಾತಲ್ಲವೆಂಬ ಭರವಸೆ ಇದರಿಂದ ಮೂಡುತ್ತದೆ.

ಯಾರಾದರೂ ವೈರಾಣು ಚುಚ್ಚುಮದ್ದಿನಿಂದ ಕ್ಯಾನ್ಸರ್ ವಾಸಿಮಾಡುವೆವೆಂದು ಹಣ ಕೇಳಿದರೆ ಎಚ್ಚರ ವಹಿಸಬೇಕು. ನಿಜವಾದ ವೈದ್ಯಕೀಯ ಪ್ರಯೋಗವಾದರೆ ಅದು ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಲ್ಲಿರಬೇಕು; 2009ರಿಂದ ಈ ನೋಂದಣಿ ಕಡ್ಡಾಯ. ನೀತಿ ಸಮಿತಿಯ ಒಪ್ಪಿಗೆ ಇರಬೇಕು. ರೋಗಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಲಿಖಿತ ಸಮ್ಮತಿ ಪಡೆಯಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ರೋಗಿಗಿರಬೇಕು. ನೋಂದಣಿ ಸಂಖ್ಯೆ ಯಾವುದು, ಇದು ಎಷ್ಟನೆಯ ಹಂತದ ಪ್ರಯೋಗ, ಇದರಿಂದ ನನ್ನ ರೂಢಿಯ ಚಿಕಿತ್ಸೆ ತಪ್ಪುವುದೇ ಎಂಬ ಮೂರು ಪ್ರಶ್ನೆಗಳನ್ನು ಕೇಳಲು ಯಾರೂ ಸಂಕೋಚಪಡಬೇಕಿಲ್ಲ. ಉತ್ತರ ಕೊಡಲು ಹಿಂಜರಿಯುವವರ ಬಳಿಗೆ ಮತ್ತೆ ಹೋಗುವ ಅಗತ್ಯವೂ ಇಲ್ಲ.

ಸ್ತನ ಕ್ಯಾನ್ಸರ್ ಪತ್ತೆಯಾದವರು ಶಸ್ತ್ರಚಿಕಿತ್ಸೆ, ಕಿಮೊಥೆರಪಿ, ವಿಕಿರಣ ಚಿಕಿತ್ಸೆ, ಹಾರ್ಮೋನು ಚಿಕಿತ್ಸೆಗಳಲ್ಲಿ ತಮಗೆ ವೈದ್ಯರು ಸೂಚಿಸಿದ್ದನ್ನು ಪೂರ್ಣವಾಗಿ ಪಡೆಯಬೇಕು, ಅರ್ಧಕ್ಕೆ ಬಿಡಬಾರದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಸರಕಾರಿ ಕೇಂದ್ರಗಳಿವೆ. ಆಯುಷ್ಮಾನ್ ಭಾರತ-ಆರೋಗ್ಯ ಕರ್ನಾಟಕ ಯೋಜನೆಯ ಅಡಿಯಲ್ಲಿ ಅರ್ಹ ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಗೆ ನೆರವುಂಟು. ಚಿಕಿತ್ಸೆಯ ಆರಂಭದಲ್ಲಿಯೇ ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಇದನ್ನು ವಿಚಾರಿಸಿಕೊಂಡರೆ ಹೊಲ ಅಡವಿಡುವ, ಒಡವೆ ಮಾರುವ ಸಂಕಟ ಎಷ್ಟೋ ತಪ್ಪೀತು.

ವೈರಾಣುವನ್ನು ಪಳಗಿಸುವ ಕೆಲಸ 1904ರ ಸುಳಿವಿನಿಂದ 2015ರ ಅನುಮೋದನೆಯವರೆಗೆ ನೂರಹನ್ನೊಂದು ವರ್ಷ ತೆಗೆದುಕೊಂಡಿತು. ಸ್ತನ ಕ್ಯಾನ್ಸರಿನ ಜೋಡಿಮಾರ್ಗಕ್ಕೆ ಇನ್ನೆಷ್ಟು ಕಾಲ ಬೇಕಾದೀತೋ, ವಿಜ್ಞಾನಿಗಳು ತಮ್ಮ ತಾಳ್ಮೆಯಿಂದ ಅದನ್ನು ಸಾಧಿಸಲಿ. ತಾಳ್ಮೆ ಅವರಿಗೆ ಭೂಷಣ. ಗಂಟು ಕಂಡ ತಾಯಿಗೆ, ಅವಳ ಮನೆಯವರಿಗೆ ತಾಳ್ಮೆ ಸಲ್ಲದು. ಈ ಲೇಖನವನ್ನು ಓದಿದವರು ತಮ್ಮ ಮನೆಯ ಹೆಣ್ಣುಮಕ್ಕಳೊಡನೆ ಒಮ್ಮೆ ಕುಳಿತು ಈ ಮಾತನ್ನು ನಾಚಿಕೆಯಿಲ್ಲದೆ ಆಡಲಿ. ಯಾರಿಗಾದರೂ ಅನುಮಾನವಿದ್ದರೆ ಈ ವಾರವೇ ಆಸ್ಪತ್ರೆಗೆ ಜೊತೆಯಾಗಿ ಹೋಗಲಿ ಎಂದು ಕೋರುತ್ತೇವೆ.